ಪರ-ವಿರೋಧ: ಹಿಪ್-ಹಾಪ್ ಆಲ್ಬಂ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕೇ?

ಪರ: ಮೂವತ್ತು ಹಾಡು ಯಾರಿಗಾಗಿ?

ದಿನಾ ಬೆಳಿಗ್ಗೆ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವನು ನಾನು. ಸಿಗ್ನಲ್‌ಗೆ ಎಲ್ಲೂ ನಿಲ್ಲಿಸದಿದ್ದರೆ ಹತ್ತಿರ ಹತ್ತಿರ ಐವತ್ತು ನಿಮಿಷದ ದಾರಿ. ಯಾವ ಹೊಸ ಆಲ್ಬಂ ಬಂದರೂ ಅದಕ್ಕೆ ಪರೀಕ್ಷೆ ಆ ಗಾಡಿಯಲ್ಲೇ.

ಅಮೆರಿಕದ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್‌ನ 'ಜಿಎನ್‌ಎಕ್ಸ್' 2024ರ ನವೆಂಬರ್ 22ರಂದು ಯಾವ ಸುಳಿವೂ ಕೊಡದೆ ಬಂತು. ಹನ್ನೆರಡು ಹಾಡು, 44 ನಿಮಿಷ. ಸೋಮವಾರ ಮಂಡ್ಯ ಸ್ಟೇಷನ್ ಬಿಡುವಾಗ ಪ್ಲೇ ಒತ್ತಿದೆ. ಪಾಂಡವಪುರದಲ್ಲಿ ಹತ್ತಿದವರು ತಳ್ಳಾಡಿದರು, ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಾಸ್ ಯಾವುದು, ಗಾಡಿ ಸದ್ದು ಯಾವುದು ಗೊತ್ತಾಗಲಿಲ್ಲ. ನಾಗನಹಳ್ಳಿ ಹೊತ್ತಿಗೆ ಕೊನೆಯ ಹಾಡು. ಸಂಜೆ ವಾಪಸ್ ಬರುವಾಗ ಮತ್ತೆ ಮೊದಲಿಂದ. ಗುರುವಾರದಷ್ಟರಲ್ಲಿ, ಅವನು ಸಂಗೀತ ಕೂಡಿಸಿದವನ ಹೆಸರು ಹಿಡಿದು 'ಮಸ್ಟರ್ಡ್' ಎಂದು ಕಿರುಚುವ ಜಾಗ ಬರುವ ಮೊದಲೇ ನನ್ನ ಬಾಯಿ ತೆರೆದುಕೊಳ್ಳುತ್ತಿತ್ತು. ಎದುರು ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿ 'ಏನಪ್ಪಾ, ಹಲ್ಲುನೋವಾ?' ಅಂದರು.

ಆಲ್ಬಂ ಅಂದರೆ ಹೀಗೆ ಮೈಗೆ ಹತ್ತಬೇಕು.

2025ರ ಮಾರ್ಚ್ 14ಕ್ಕೆ ಪ್ಲೇಬಾಯ್ ಕಾರ್ಟಿಯ 'ಮ್ಯೂಸಿಕ್' ಬಂತು. ನಾಲ್ಕು ವರ್ಷಕ್ಕೂ ಮೇಲೆ ಕಾಯಿಸಿ ಕೊಟ್ಟದ್ದು. ಮೂವತ್ತು ಹಾಡು, 76 ನಿಮಿಷ. ಮೈಸೂರು ಬಂದಾಗ ಇನ್ನೂ ಒಂದು ಮೂಟೆ ಬಾಕಿ. ಸಂಜೆ ಎಲ್ಲಿ ಬಿಟ್ಟಿದ್ದೆ ನೆನಪಾಗದೆ ಅಂದಾಜಿಗೆ ಒತ್ತಿದೆ. ಕೇಳಿದ್ದನ್ನೇ ಮತ್ತೆ ಕೇಳಿದೆನೋ, ಹೊಸದೋ, ಇವತ್ತಿಗೂ ಹೇಳಲಾರೆ. ಅದರಲ್ಲಿ ಎಂಟು ಹತ್ತು ಹಾಡು ಬೆಂಕಿ, ಒಪ್ಪುತ್ತೇನೆ. ಅಷ್ಟೇ ಕೊಟ್ಟಿದ್ದರೆ ಕಾರ್ಟಿಯ ಕಾಲಿಗೆ ಬೀಳುತ್ತಿದ್ದೆ. ಎರಡು ವಾರ ಕಳೆಯುವುದರೊಳಗೆ ಸಾಲದೆಂದು ಇನ್ನೂ ನಾಲ್ಕು ಹಾಡು ಸೇರಿಸಿದರು!

ಇದು ಕಲಾವಿದನ ಉಕ್ಕಿ ಹರಿಯುವ ಪ್ರತಿಭೆಯಲ್ಲ, ಲೆಕ್ಕ. 2014ರ ಡಿಸೆಂಬರ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ತನ್ನ ಜನಪ್ರಿಯ ಆಲ್ಬಂಗಳ ಪಟ್ಟಿಗೆ ಸ್ಟ್ರೀಮಿಂಗನ್ನೂ, ಅಂದರೆ ನೆಟ್‌ನಲ್ಲಿ ಕೇಳುವುದನ್ನೂ, ಸೇರಿಸಿಕೊಂಡಿತು. ಆಲ್ಬಮ್ಮಿನ ಹಾಡುಗಳು ಎಲ್ಲ ಸೇರಿ 1,500 ಸಲ ಓಡಿದರೆ ಒಂದು ಆಲ್ಬಂ ಮಾರಿದ ಹಾಗೆ. ಹಾಡು ಒಂದೂವರೆ ನಿಮಿಷದ್ದೋ ಆರು ನಿಮಿಷದ್ದೋ ಕೇಳುವವರಿಲ್ಲ. ಸ್ಪಾಟಿಫೈನಲ್ಲಂತೂ 30 ಸೆಕೆಂಡ್ ಓಡಿದರೆ ಲೆಕ್ಕಕ್ಕೆ ಬಂತು. ಈಗ ಭಾಗಿಸಿ ನೋಡಿ. ಹತ್ತು ಹಾಡಿನ ಆಲ್ಬಂ 150 ಸಲ ಪೂರ್ತಿ ಓಡಬೇಕು, ಮೂವತ್ತು ಹಾಡಿನದಕ್ಕೆ 50 ಸಲ ಸಾಕು. 2018ರಲ್ಲಿ ದುಡ್ಡು ಕಟ್ಟಿ ಕೇಳುವವರಿಗೆ 1,250, ಜಾಹೀರಾತಿನ ಜೊತೆ ಪುಕ್ಕಟೆ ಕೇಳುವವರಿಗೆ 3,750 ಎಂದು ಬದಲಾಯಿಸಿದರು. ಅದರಿಂದ ಉದ್ದದ ಆಸೆಯೇನೂ ಕಮ್ಮಿಯಾಗಲಿಲ್ಲ. ಅದೇ ವರ್ಷ ಮಿಗೋಸ್‌ನವರು 24 ಹಾಡು ಸುರಿದರು, ಡ್ರೇಕ್ 25. ಮಜ್ಜಿಗೆಗೆ ನೀರು ಬೆರೆಸಿ ಲೋಟದ ಲೆಕ್ಕದಲ್ಲಿ ಮಾರುವವನಿಗೂ ಇವರಿಗೂ ಏನು ವ್ಯತ್ಯಾಸ?

ಅದೇ 2018ರಲ್ಲೇ ಪುಷಾ ಟಿ 'ಡೇಟೋನಾ' ತಂದ. ಏಳು ಹಾಡು, 21 ನಿಮಿಷ, ನನ್ನ ಗಾಡಿ ಪಾಂಡವಪುರ ಮುಟ್ಟುವುದರೊಳಗೆ ಮುಗಿಯುತ್ತದೆ. ಒಂದು ಸಾಲು ಕಿತ್ತು ತೋರಿಸಿ ನೋಡೋಣ. ಅವನೇ ಅಣ್ಣ ಮ್ಯಾಲಿಸ್ ಜೊತೆ ಕೂಡಿ 2025ರ ಜುಲೈನಲ್ಲಿ ಕ್ಲಿಪ್ಸ್ ಎಂಬ ತಮ್ಮಿಬ್ಬರ ತಂಡದ ಹೆಸರಿನಲ್ಲಿ ಆಲ್ಬಂ ಕೊಟ್ಟ, 16 ವರ್ಷದ ಮೇಲೆ. ಮೊದಲ ಹಾಡಿನಲ್ಲೇ ತೀರಿಹೋದ ಅಪ್ಪ ಅಮ್ಮ ಬರುತ್ತಾರೆ. ತಮ್ಮ ಪುಷಾ ಅಮ್ಮನ ಮಾತು ಹೇಳುತ್ತಾನೆ, ಅಣ್ಣ ಅಪ್ಪನದು. ಆ ಬೆಳಿಗ್ಗೆ ನಾನು ಕಿಟಕಿ ಕಡೆ ಮುಖ ತಿರುಗಿಸಿ ಕೂತಿದ್ದೆ. ಮೂವತ್ತು ಹಾಡು ಹಾಡುವ ಹಕ್ಕು ಯಾರಿಗಾದರೂ ಇದ್ದರೆ ಹದಿನಾರು ವರ್ಷದ ಬಾಕಿ ಇರುವ ಈ ಅಣ್ಣ-ತಮ್ಮಂದಿರಿಗಿತ್ತು. ಹದಿಮೂರಕ್ಕೆ ನಿಲ್ಲಿಸಿದರು.

'ಹಾಗಾದರೆ ಕೆಂಡ್ರಿಕ್ ಕೊಟ್ಟ ಆ ಉದ್ದದ ಆಲ್ಬಂ, ಟು ಪಿಂಪ್ ಎ ಬಟರ್‌ಫ್ಲೈ?' ಎಂದು ಕೇಳುವವರು ಇದ್ದೇ ಇರುತ್ತಾರೆ. ಅದು ಬೇರೆ ಮಾತು. ಅದನ್ನು ಎಳೆದು ತರುವವರು ಮದುವೆ ಊಟದಲ್ಲಿ ಎಲೆ ತುಂಬಿದೆಯೋ ಇಲ್ಲವೋ ಅಷ್ಟೇ ನೋಡುವ ಜನ, ಕೋಸಂಬರಿಗೆ ಉಪ್ಪು ಬಿದ್ದಿದೆಯೇ ಎಂಬುದು ಅವರಿಗೆ ಬೇಡ. ನಾಸ್ 1994ರಲ್ಲಿ ಇಪ್ಪತ್ತರ ಹುಡುಗ. ಹೇಳುವುದು ಬೇಕಾದಷ್ಟಿತ್ತು. 'ಇಲ್‌ಮ್ಯಾಟಿಕ್' ಹತ್ತೇ ಟ್ರ್ಯಾಕು, ಅದರಲ್ಲೂ ಮೊದಲನೆಯದು ಬರೀ ಪೀಠಿಕೆ. ಮೂವತ್ತು ವರ್ಷವಾಯಿತು, ನಾನು ಅದರಲ್ಲಿ ಒಮ್ಮೆಯೂ ಸ್ಕಿಪ್ ಒತ್ತಿಲ್ಲ.

ವಿರೋಧ: ಎರಡನೇ ಸೀಡಿಯ ಋಣ

'ಉದ್ದದ ಪರ ಬರೆಯುವವರು ಯಾರೂ ಸಿಗುತ್ತಿಲ್ಲ, ನೀವೇ ಬರೆದುಬಿಡಿ ಮೇಡಂ' ಅಂದರು ಸಂಪಾದಕರು, ಒಪ್ಪಿಕೊಂಡೆ. ಕಾರ್ಟಿಯ ಮೂವತ್ತು ಹಾಡನ್ನು ನಾನೂ ಒಂದೇ ಕೂತಿಗೆ ಕೇಳಿ ಮುಗಿಸಿದವಳಲ್ಲ. ಆ ಮಾತು ಅಲ್ಲಿಗೇ ಬಿಡೋಣ.

ಎದುರಿನವರ ಬರಹ ಕಳಿಸಿದ್ದರು, ಓದಿದೆ. ಅವರ ತಕರಾರು ಹಿಪ್-ಹಾಪ್ ಮೇಲೋ ನೈರುತ್ಯ ರೈಲ್ವೆ ಮೇಲೋ ತಿಳಿಯಲಿಲ್ಲ. ನಾಳೆ ಗಾಡಿ ವೇಗ ಹೆಚ್ಚಿಸಿದರೆ ಕೆಂಡ್ರಿಕ್ ಎರಡು ಹಾಡು ಕಮ್ಮಿ ಮಾಡಬೇಕೇ? ಹುಬ್ಬಳ್ಳಿಗೆ ಹೋಗುವವರಿಗೆ ಎಂಟು ಗಂಟೆಯ ಆಲ್ಬಂ ಬೇಕೇ? ಇನ್ನು ಸ್ಟ್ರೀಮಿಂಗ್ ಲೆಕ್ಕ. ಸಂಗೀತದ ಕಂಪನಿಗಳು ಲೆಕ್ಕ ಹಾಕದೆ ಇದ್ದದ್ದು ಯಾವ ಕಾಲದಲ್ಲಿ?

ಅವರು 'ಬೇರೆ ಮಾತು' ಎಂದು ದಾಟಿಸಿದ 'ಬಟರ್‌ಫ್ಲೈ' 79 ನಿಮಿಷ. ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಎಂಬ ಪ್ರಶಸ್ತಿ ಹಿಪ್-ಹಾಪ್ ಕಡೆಗೆ ಬಂದದ್ದು ಎರಡೇ ಸಲ, 1999ರಲ್ಲಿ ಲಾರಿನ್ ಹಿಲ್‌ಗೆ, 2004ರಲ್ಲಿ ಔಟ್‌ಕಾಸ್ಟ್‌ಗೆ. ಎರಡೂ ಗಂಟೆ ದಾಟಿದವು, ಔಟ್‌ಕಾಸ್ಟ್‌ದಂತೂ ಎರಡು ಗಂಟೆ. ಗ್ರ್ಯಾಮಿಯವರು ಹೇಳಿದ್ದೇ ವೇದವಲ್ಲ, ಆದರೂ ಹೇಳಿದೆ.

ನನ್ನ ನಿಜವಾದ ಸಾಕ್ಷಿ ದಾವಣಗೆರೆಯ ಲೇಡೀಸ್ ಹಾಸ್ಟೆಲ್ಲಿನದು. ಬೆಂಗಳೂರಿಂದ ಬಂದಿದ್ದ ಸೀನಿಯರ್ ಅಕ್ಕನ ಹತ್ತಿರ ರ‍್ಯಾಪ್ ಗಾಯಕ ಟೂಪಾಕ್‌ನ 'ಆಲ್ ಐಸ್ ಆನ್ ಮಿ' ಇತ್ತು. ಬರ್ನ್ ಮಾಡಿದ ಎರಡು ಸೀಡಿ, ಮೇಲೆ ನೀಲಿ ಮಾರ್ಕರ್‌ನಲ್ಲಿ 1, 2 ಅಂತ ಬರೆದದ್ದು. 1 ಅನ್ನು ಯಾರೋ ಕೇಳಿ ಒಯ್ದಿದ್ದರು. 'ಬಂದ ಮೇಲೆ ಅದನ್ನೂ ತಗೋ, ಅಲ್ಲೀತನ ಇದನ್ನ ಇಟ್ಕೋ' ಎಂದು ಅಕ್ಕ 2 ಕೊಟ್ಟರು. ಬರಲೇ ಇಲ್ಲ. ಒಂದು ವರ್ಷ ಪೂರ್ತಿ ನನ್ನ ಪಾಲಿಗೆ ಆ ಆಲ್ಬಂ ಅಂದರೆ ಎರಡನೇ ಸೀಡಿಯ ಹದಿಮೂರು ಹಾಡು. ರೂಮಿನ ಕಂಪ್ಯೂಟರ್ ಸೀಡಿಯನ್ನು ಕೆಲವು ಸಲ ಓದುತ್ತಿರಲಿಲ್ಲ. ತೆಗೆದು ಚೂಡಿದಾರದ ತುದಿಯಲ್ಲಿ ಒರೆಸಿ, ಉಫ್ ಎಂದು ಊದಿ ಮತ್ತೆ ಹಾಕಬೇಕು. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು. ಅವನ ಗಂಟಲಲ್ಲಿದ್ದ ಅವಸರ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಅವಸರ ಯಾಕೆಂದು ಆಮೇಲೆ ಓದಿದೆ. 1995ರ ಅಕ್ಟೋಬರ್‌ನಲ್ಲಿ ಜಾಮೀನಿನ ಮೇಲೆ ಜೈಲಿಂದ ಹೊರಬಂದವನು ಸೀದಾ ಸ್ಟುಡಿಯೋಗೆ ಹೋಗಿ ಕೂತ. 1996ರ ಫೆಬ್ರವರಿ 13ಕ್ಕೆ 27 ಹಾಡಿನ ಜೋಡಿ ಆಲ್ಬಂ ಅಂಗಡಿಯಲ್ಲಿತ್ತು. ಅದೇ ಸೆಪ್ಟೆಂಬರ್ 13ಕ್ಕೆ ಅವನೇ ಇಲ್ಲ, ಗುಂಡೇಟಿಗೆ ಹೋದ. 25 ವಯಸ್ಸು. ಹತ್ತು ಹಾಡಿಗೆ ನಿಲ್ಲಿಸಪ್ಪ, ಮಿಕ್ಕಿದ್ದು ಮುಂದಿನ ವರ್ಷ ನೋಡೋಣ ಎಂದು ಅವನಿಗೆ ಯಾರಾದರೂ ಬುದ್ಧಿ ಹೇಳಿದ್ದರೆ?

ಮೊದಲ ಸೀಡಿಯ ಹಾಡುಗಳು ನನಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ. ಜನ ಕುಣಿಯುವ 'ಕ್ಯಾಲಿಫೋರ್ನಿಯಾ ಲವ್' ಇರುವುದು ಅದರಲ್ಲಿ. ಒಳ್ಳೆಯ ಹಾಡುಗಳೇ. ಆದರೆ ನೆಂಟರ ಮನೆಯಲ್ಲಿ ಕೂತ ಹಾಗಾಯಿತು, ಎದ್ದು ನೀರು ಕುಡಿಯಲೂ ಸಂಕೋಚ. ಅರ್ಧ ಆಲ್ಬಮ್ಮೇ ನನಗೆ ಸಾಕಾಗಿತ್ತು ಅಂದರೆ ಎದುರಿನವರ ವಾದವೇ ಗೆದ್ದ ಹಾಗಾಯಿತಲ್ಲ ಎನ್ನಬಹುದು. ಅನ್ನಲಿ. ಜಾತ್ರೆಗೆ ಹೋದವರು ಎಲ್ಲ ಅಂಗಡಿಗೂ ನುಗ್ಗುತ್ತಾರೆಯೇ? ನನಗೆ ಬಳೆ ಅಂಗಡಿ, ಇನ್ನೊಬ್ಬರಿಗೆ ಮಿರ್ಚಿ ಭಜಿ. ಸಣ್ಣ ಜಾತ್ರೆಯಾಗಿದ್ದರೆ ನನ್ನ ಬಳೆ ಅಂಗಡಿಯೇ ಬರುತ್ತಿತ್ತೋ ಇಲ್ಲವೋ.

ಹೋದ ವರ್ಷ ಆ ಅಕ್ಕ ಫೋನಿನಲ್ಲಿ ಸಿಕ್ಕಾಗ ಸೀಡಿ ಮಾತು ತೆಗೆದೆ. 'ಏ, 1 ನಿನ್ನ ಹತ್ರಾನೇ ಇತ್ತಲ್ಲೇ?' ಅಂದರು.