ಮೀನಿನ ತೊಟ್ಟಿಗೆ ಹೆಪ್ಪು

ಹೋದ ಭಾನುವಾರ ಸಂಜೆ ತರಕಾರಿ ಚೀಲ ಹಿಡಿದು ಮನೆಗೆ ಬಂದರೆ ಮನೆಯೊಳಗೆ ಏನೋ ವಿಪರೀತ ನಿಶ್ಶಬ್ದ. ಅಕ್ವೇರಿಯಂ ಇಟ್ಟವರಿಗೆ ಗೊತ್ತು, ಇದು ಒಳ್ಳೆಯ ಲಕ್ಷಣ ಅಲ್ಲ. ಹಗಲೂ ರಾತ್ರಿ ಗುಂಯ್ ಅನ್ನುವ ಫಿಲ್ಟರ್ ಸುಮ್ಮನಾಗಿದೆ ಅಂದರೆ ಒಂದೋ ಕರೆಂಟ್ ಹೋಗಿದೆ, ಇಲ್ಲಾ ಯಾರೋ ಕೈ ಹಾಕಿದ್ದಾರೆ. ಫ್ಯಾನ್ ತಿರುಗುತ್ತಿತ್ತು.

ಬಾಲ್ಕನಿಗೆ ಹೋದೆ. ಬಟ್ಟೆ ಒಣಗಿಸುವ ಹಗ್ಗದಲ್ಲಿ ನನ್ನ ಎರಡು ಬನಿಯನ್‌ಗಳ ನಡುವೆ ಫಿಲ್ಟರಿನ ಸ್ಪಂಜು ನೇತಾಡುತ್ತಿತ್ತು. ಅದರ ಬಣ್ಣ ನೀಲಿ ಅನ್ನುವುದೇ ನನಗೆ ಮರೆತುಹೋಗಿತ್ತು.

"ಮೂರು ಸಲ ಉಜ್ಜಿದೆ ಕಣೋ," ಅಂದರು ಅಮ್ಮ. "ಪಾತ್ರೆ ಸೋಪು, ಬಿಸಿನೀರು ಎರಡೂ ಹಾಕಿದೆ. ಥೂ, ಅದೇನು ಗಲೀಜು! ಪಾಪ, ಮೀನುಗಳು ಹೇಗೆ ಇದ್ವೋ ಅದರಲ್ಲಿ."

ಅಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಊರಿಂದ ಬಂದು ಹದಿನೈದು ದಿನ ಆಯಿತು. ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುತ್ತಾರೆ. ಗ್ಯಾಸ್ ಸಿಲಿಂಡರ್ ಬಂದರೆ ಮೊದಲು ಅದಕ್ಕೆ ತಲೆಸ್ನಾನ. ಕೊರೊನಾ ಕಾಲದಲ್ಲಿ ಶುರುವಾದ ಹಾಲಿನ ಪ್ಯಾಕೆಟ್ಟಿನ ಅಭ್ಯಂಜನ ಇನ್ನೂ ನಿಂತಿಲ್ಲ. ಟಿವಿ ರಿಮೋಟನ್ನು ಒದ್ದೆ ಬಟ್ಟೆಯಲ್ಲಿ ಎಷ್ಟು ಒರೆಸಿದ್ದಾರೆ ಅಂದರೆ ಐದನೇ ನಂಬರು ಅಳಿಸಿಹೋಗಿದೆ. ಸೋಪಿನ ಡಬ್ಬಿಯನ್ನು ಇನ್ನೊಂದು ಸೋಪಿನಿಂದ ತೊಳೆಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮೀನುಗಳಿಗೆ ಸೋಪು ಹಚ್ಚಲಿಲ್ಲವಲ್ಲ, ಅದೇ ಪುಣ್ಯ.

"ಅಮ್ಮಾ, ಆ ಸ್ಪಂಜಲ್ಲಿ ಬ್ಯಾಕ್ಟೀರಿಯಾ ಇರ್ತಾವೆ."

"ಅದಕ್ಕೇ ತಾನೆ ತೊಳೆದಿದ್ದು!"

ಇದಕ್ಕೆ ಏನು ಹೇಳುವುದು? ಮೀನು ಮಾಡುವ ಗಲೀಜಿನಿಂದ ನೀರಲ್ಲಿ ಅಮೋನಿಯ ಸೇರುತ್ತದೆ, ಅದು ಮೀನಿಗೆ ವಿಷ. ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ಸ್ಪಂಜನ್ನು ನಲ್ಲಿ ನೀರಲ್ಲಿ ಕೂಡ ತೊಳೆಯಬಾರದು, ಕ್ಲೋರಿನ್ ಇರುತ್ತದೆ. ತೊಟ್ಟಿಯಿಂದಲೇ ತೆಗೆದ ನೀರಲ್ಲಿ ಎರಡು ಸಲ ಹಿಂಡಿದರೆ ಮುಗಿಯಿತು. ಇಷ್ಟನ್ನೂ ಹೇಳಿದೆ. ಅಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ "ಹೂಂ" ಅಂದರು.

ಸೋಪು ಕುಡಿದ ಸ್ಪಂಜನ್ನು ಮತ್ತೆ ಹಾಕುವ ಹಾಗಿಲ್ಲ. ಹೊಸದು ತಂದು ಹಾಕಿದೆ. ಬುಧವಾರದ ಹೊತ್ತಿಗೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೂರೂ ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. "ಹಸಿದಿವೆ ಕಣೋ, ನೀನು ಸರಿಯಾಗಿ ಹಾಕಲ್ಲ," ಅಂತ ಅಮ್ಮ ತಾವು ಕಾಫಿ ಕುಡಿದಾಗಲೆಲ್ಲ ಅವಕ್ಕೂ ಒಂದು ಚಿಟಿಕೆ ಹಾಕಿದರು. ಅಮ್ಮ ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುತ್ತಾರೆ.

ನಾನು ದಿನಾ ಒಂದು ಬಕೆಟ್ ನೀರು ಬದಲಿಸಲು ಶುರು ಮಾಡಿದೆ. ಕ್ಲೋರಿನ್ ಹೋಗಲಿ ಅಂತ ರಾತ್ರಿಯೇ ನೀರು ಹಿಡಿದು ಇಟ್ಟಿದ್ದೆ. ಬೆಳಿಗ್ಗೆ ಎದ್ದರೆ ಬಕೆಟ್ ಖಾಲಿ, ಹಾಲಿನ ನೆಲ ಫಳಫಳ. "ಸುಮ್ನೆ ನಿಂತಿತ್ತಲ್ಲ ನೀರು, ಒರೆಸಿಬಿಟ್ಟೆ."

ಇದೇ ಅಮ್ಮ ನಮ್ಮೂರಿನ ಬಾವಿಯಲ್ಲಿ ವರ್ಷಗಟ್ಟಲೆ ನೀರು ಸೇದಿದವರು. ಸೊಳ್ಳೆ ಮರಿ ತಿನ್ನಲಿ ಅಂತ ಅಜ್ಜ ಅದರಲ್ಲಿ ಮೀನು ಬಿಟ್ಟಿದ್ದರು. ಒಮ್ಮೊಮ್ಮೆ ಕೊಡದಲ್ಲಿ ಒಂದು ಬೆಳ್ಳಗಿನ ಮೀನು ಮೇಲೆ ಬಂದುಬಿಡುತ್ತಿತ್ತು. ಅಮ್ಮ ನಗುತ್ತಾ ಅದನ್ನು ವಾಪಸ್ ಬಿಡುತ್ತಿದ್ದರು, ನಾನು ಕಟ್ಟೆಯ ಮೇಲೆ ಬಗ್ಗಿ ಅದು ಕೆಳಗಿನ ಕತ್ತಲೆಗೆ ಇಳಿಯುವುದನ್ನು ನೋಡುತ್ತಿದ್ದೆ. ಫಿಲ್ಟರ್ ಇರಲಿಲ್ಲ, ಪಾಚಿ ಹಿಡಿದ ಕಲ್ಲುಗಳನ್ನು ಯಾರೂ ಉಜ್ಜಲಿಲ್ಲ. ಬೋರ್‌ವೆಲ್ ಬಂದ ಮೇಲೆ ಬಾವಿ ಮುಚ್ಚಿದರು. ಮೀನುಗಳು ಏನಾದವು ಅಂತ ನಾನು ಕೇಳಲೇ ಇಲ್ಲ.

ಗುರುವಾರ ರಾತ್ರಿ ಅಮ್ಮ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು.

"ಅಮ್ಮಾ, ಆ ಹೆಪ್ಪಿನ ಬಟ್ಟಲನ್ನು ಈಗ ಸೋಪು ಹಾಕಿ ತೊಳೆದುಬಿಟ್ಟರೆ?"

"ನಾಳೆ ಮೊಸರು ಎಲ್ಲಿಂದ ಬರತ್ತೆ ನಿನ್ನ ತಲೆ..." ಅಂದವರು ಅಲ್ಲೇ ನಿಂತರು. ತೊಟ್ಟಿ ನೋಡಿದರು. ನನ್ನನ್ನು ನೋಡಿದರು. "ಮೊದಲೇ ಹೀಗೆ ಹೇಳೋಕೆ ಏನಾಗಿತ್ತು ನಿನಗೆ?"

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಮೇಲಿನ ಮನೆಯಲ್ಲಿ ದೊಡ್ಡ ಅಕ್ವೇರಿಯಂ ಇದೆ. ಮೆಟ್ಟಿಲ ಹತ್ತಿರ ನಿಂತ ನನಗೆ ಎಲ್ಲಾ ಕೇಳಿಸುತ್ತಿತ್ತು.

"ಸ್ವಲ್ಪ ಹೆಪ್ಪು ಇದ್ದರೆ ಕೊಡ್ತೀರಾ?"

"ಅಯ್ಯೋ ಅದಕ್ಕೇನಂತೆ, ಬನ್ನಿ ಆಂಟಿ." ಫ್ರಿಜ್ ಬಾಗಿಲು ತೆಗೆದ ಸದ್ದು.

"ಮೊಸರಿಂದಲ್ಲಮ್ಮ. ಮೀನಿಂದು."

ಆಮೇಲೆ ಸ್ವಲ್ಪ ಹೊತ್ತು ಯಾವ ಮಾತೂ ಕೇಳಿಸಲಿಲ್ಲ.

ಹತ್ತು ನಿಮಿಷಕ್ಕೆ ಅಮ್ಮ ಇಳಿದು ಬಂದರು. ಕೈಯಲ್ಲಿ ಅವರ ಮನೆಯ ಸ್ಟೀಲ್ ಡಬರಿ. ಒಳಗೆ ಕೊಳೆ ನೀರು, ಅದರಲ್ಲಿ ಅವರ ಹಳೇ ಸ್ಪಂಜಿನ ಒಂದು ತುಂಡು. ಚೆಲ್ಲದ ಹಾಗೆ ಸೆರಗು ಮುಚ್ಚಿಕೊಂಡು ತಂದಿದ್ದರು. ತುಂಡನ್ನು ಫಿಲ್ಟರಿನಲ್ಲಿ ಸಿಕ್ಕಿಸಿದೆ, ನೀರು ತೊಟ್ಟಿಗೆ ಸುರಿದೆ.

"ಬೆಚ್ಚಗಿಡಬೇಕಾ?" ಅಂತ ಕೇಳಿದರು ಅಮ್ಮ.

ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೇ ತೊಟ್ಟಿಗೆ ಬಗ್ಗಿ "ಇನ್ನೂ ಸರಿಯಾಗಿ ಕೂತಿಲ್ಲ" ಅಂತ ವರದಿ ಕೊಡುತ್ತಾರೆ. ನೀರು ಮೊದಲಿಗಿಂತ ತಿಳಿಯಾಗಿದೆ. ಮೀನುಗಳೂ ಕೆಳಗಿಳಿದಿವೆ.

ಡಬರಿಯನ್ನು ಮೂರು ಸಲ ಉಜ್ಜಿ ತೊಳೆದರು. ಖಾಲಿ ಪಾತ್ರೆ ಹಿಂದೆ ಕೊಡಬಾರದಲ್ವಾ, ರವೆ ಉಂಡೆ ತುಂಬಿ ಮೇಲಿನ ಮನೆಗೆ ಕೊಟ್ಟು ಬಂದರು. ಎರಡು ದಿನ ಆಯಿತು. ಉಂಡೆ ಹೇಗಿತ್ತು ಅಂತ ಅವರು ಇನ್ನೂ ಹೇಳಿಲ್ಲ.