ಶೇಂಗಾ ಹಿಂಡಿ, ಆರು ಟಮಾಟಿ ಗಿಡ ಮತ್ತ ಕಾಕಿ ಕುರಡಗಿ

ಏಪ್ರಿಲ್ ಬಂತಂದ್ರ ನಮ್ಮ ಕಲಬುರಗಿ ಕಡಿ ಸರ್ಕಾರಿ ಆಫೀಸಿನ ಟೈಮ್ ಬದಲಾಗ್ತದ, ಬೆಳಿಗ್ಗಿ 8ಕ್ಕ ಹೋದ್ರ ಮಧ್ಯಾಹ್ನ 1.30ಕ್ಕ ಬಾಗಲಾ ಬಂದ್, ಏಪ್ರಿಲ್ ಮೇ ಎರಡೂ ತಿಂಗಳು ಹಂಗೇ. ಬೆಂಗಳೂರಿನ ದೋಸ್ತರು ಇದನ್ನ ಕೇಳಿ ಹೊಟ್ಟಿ ಉರಕೋತಾರ. 1.30ಕ್ಕ ಬಿಸಲಾಗ ನಿಂತ ಗಾಡಿ ಸೀಟಿನ ಮ್ಯಾಲ ಒಮ್ಮೆ ಕುಂತು ನೋಡಬೇಕವರು, ಜ್ವಾಳದ ರೊಟ್ಟಿ ಬೇಯ್ತದ ಅದರ ಮ್ಯಾಲ. ಮನಿಗಿ ಬಂದು ಉಂಡು ಕೂಲರ್ ಮುಂದ ಬಿದ್ದೆ ಅಂದ್ರ ಐದರ ತನಕ ನಾ ಏಳಂಗಿಲ್ಲ. ಹೋದ ವರ್ಷ ಹಿಂಗ ಬಿದ್ದಾಗ ನಮ್ಮಾಕಿ, "ಏನ್ರಿ, ಅರ್ಧಾ ದಿವಸ ಮಲಗೇ ಇರ್ತೀರಿ, ಮಾಳಗಿ ಮ್ಯಾಲ ನಾಕ ಗಿಡರೆ ಹಚ್ಚಬಾರದ?" ಅಂದಳು. ಆಕಿ ಅಂದಿದ್ದು ಬರೇ ಮಾತಿಗಿ, ನಾ ಖರೆ ತಿಳಕೊಂಡೆ.

ಆರು ಟಮಾಟಿ ಸಸಿ, ನಾಕು ಬೆಂಡಿ, ಒಂದು ಒಡದ ಟಬ್ಬಿನ್ಯಾಗ ರಾಜಗಿರಿ ಪಲ್ಯ, ಇನ್ನೊಂದ್ರಾಗ ಕೋತಂಬ್ರಿ. ಕೋತಂಬ್ರಿಗಿ ಬೀಜ ಏನ್ ತರೋದು ಅಂತ ಮಸಾಲಿ ಡಬ್ಬಿಗೇ ಕೈ ಹಾಕ್ದೆ, ಚಪ್ಪಲಿ ಕೆಳಗ ತಿಕ್ಕಿ ಎರಡೆರಡು ಹೋಳು ಮಾಡಿ ಹಾಕ್ದೆ, ಹುಟ್ಟಿತು, ಮೂರು ಎಲಿ ಬಿಟ್ಟು ಸೀದಾ ಹೂವಿಗಿ ಹೋತು. ಅದರ ವಿಷಯ ಬಿಡ್ರಿ.

ಮಣ್ಣಿಗಿ ಯಾಕ ರೊಕ್ಕ ಕೊಡಬೇಕು ಅಂತ ಜೇವರ್ಗಿ ಕಡಿ ಇರೋ ನಮ್ಮ ಮಾಮಾನ ಹೊಲದಿಂದ ಎರಡು ಚೀಲ ಎರಿ ಮಣ್ಣು ತಂದೆ. ತೊಗರಿ ಬೆಳಿಯೋ ಮಣ್ಣು ನೋಡ್ರಿ, ನಮ್ಮ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ, ಟಮಾಟಿ ಯಾವ ಲೆಕ್ಕ ಅಂಬೋ ಧಿಮಾಕು. ಬ್ಯಾಸಗ್ಯಾಗ ಎರಿ ಹೊಲ ಕಾಲು ಸಿಗಬೀಳೋ ಹಂಗ ಬಿರಕು ಬಿಡ್ತದ ಅಂಬೋದು ಸಣ್ಣಾಂವ ಇದ್ದಾಗಿಂದ ನೋಡೀನಿ, ಅದೇ ಮಣ್ಣು ಕುಂಡದಾಗ ಏನ್ ಮಾಡ್ತದ ಅಂತ ಮಾತ್ರ ತಲಿಗಿ ಹೊಳೀಲಿಲ್ಲ. ಎರಡು ವಾರದಾಗ ಅದು ಒಣಗಿ ಕುಗ್ಗಿ ಕುಂಡದ ಗೋಡಿ ಬಿಟ್ಟು ನಡುವ ಬೆಲ್ಲದ ಪೆಂಟಿ ಹಂಗ ನಿಂತುಬಿಡ್ತು, ಸಂದಿನ್ಯಾಗ ನನ್ನ ಬೆರಳು ಹೋಗ್ತಿತ್ತು. ಒಂದ್ ತಂಬಿಗಿ ನೀರು ಹಾಕಿದ್ರ ಆ ಸಂದಿ ಹಿಡದು ಸರ್ ಅಂತ ಕೆಳಗಿಳದು ತೂತಿನ್ಯಾಗಿಂದ ಹೊರಗ ಬಂದು ಶಹಾಬಾದ ಪರಸಿ ಮ್ಯಾಲ ಹರದು ಮೂಲ್ಯಾಗಿನ ಮಳಿ ನೀರಿನ ಪೈಪಿಗಿ ಹೋಗಿ ಬೀಳ್ತಿತ್ತು, ಗಿಡಕ್ಕ ಒಂದ್ ಹನಿ ಸಿಗ್ತಿದ್ದಿಲ್ಲ. ನಮ್ಮ ಓಣ್ಯಾಗ ನಳ ಬರೋದು ನಾಕ ದಿವಸಕ್ಕೊಮ್ಮೆ, ಅದರಾಗ ಇದು.

ಆ ಪೈಪ್ ನೆನಪಿಡ್ರಿ.

ಇನ್ನೊಂದು ಪೈಪ್ ಕತಿನೂ ಅದ. ಟ್ಯಾಂಕಿಗಿ ಹಚ್ಚಿದ ರಬ್ಬರ್ ಪೈಪು ಮುಂಜಾನಿಂದ ಬಿಸಲಾಗ ಬಿದ್ದಿತ್ತು, ಅದರೊಳಗ ನೀರು ನಿಂತದ ಅಂಬೋ ಖಬರ್ ಇಲ್ದೆ ಒಂದಿನ ನಾಕ ಗಂಟೆಕ್ಕ ಅದರ ಬಾಯಿ ರಾಜಗಿರಿ ಟಬ್ಬಿನ್ಯಾಗ ಇಟ್ಟು ನಳ ತಿರಿವಿದೆ. ಹೊಗಿ ಒಂದೇ ಬರಲಿಲ್ಲ. ಎಲಿ ಎಲ್ಲಾ ಮೆತ್ತಗಾಗಿ ಟಬ್ಬಿನ ಅಂಚಿಗಿ ಜೋತು ಬಿದ್ವು. ನಮ್ಮಾಕಿ ಬಂದು ಬಗ್ಗಿ ನೋಡಿ, "ಉಪ್ಪು ಹಾಕೀರೇನು?" ಅಂದಳು.

ಬೆಂಡಿಗಿ ಮಾತ್ರ ನಮ್ಮೂರ ಬಿಸಲಂದ್ರ ತವರುಮನಿ. ದಿನಾ ಹಿಗ್ಗಲಕತ್ತಿದ್ವು, ಆದ್ರ ನಮ್ಮ ಮನ್ಯಾಗ ಬೆಂಡಿಕಾಯಿ ಪಲ್ಯ ಯಾರೂ ತಿನ್ನಂಗಿಲ್ಲ. ಎಲ್ಲಾರಿಗಿ ಬೇಕಾದ ಟಮಾಟಿ ದಿನಾ ಹಳದಿ ಹೂವ ಬಿಡೋದು, ಸಂಜಿಕ್ಕ ಆ ಹೂವ ತೊಟ್ಟಿನ ಸಮೇತ ಉದರಿ ಬೀಳೋದು. ಹಗಲಿ 35 ಡಿಗ್ರಿ ದಾಟಿದ್ರ ಟಮಾಟಿ ಹೂವಿನ ಪರಾಗ ಕೆಡ್ತದ, ರಾತ್ರಿನೂ ತಂಪು ಬೇಕು, ಇಲ್ಲಂದ್ರ ಕಾಯಿ ಹಿಡಿಯಂಗಿಲ್ಲ ಅಂತ ಆಮ್ಯಾಲ ತಿಳೀತು. ನಮ್ಮಲ್ಲಿ ಮೇ ತಿಂಗಳದಾಗ 42. ಸರ್ಕಾರ ನಮಗ ಟೈಮ್ ಬದಲಿ ಮಾಡ್ತದ, ಟಮಾಟಿಗಿ ಯಾರ್ ಮಾಡ್ಬೇಕು? ನಾನೇ ಮಾಡ್ದೆ. ರಾತ್ರಿ ಊಟ ಆದ ಮ್ಯಾಲ ಎರಡು ಕುಂಡ ಹೊತ್ತುಕೊಂಡು ಇಳದು ಹಾಲಿನ್ಯಾಗ ಕೂಲರ್ ಮುಂದ ಇಟ್ಟೆ. ಹಂಗ ಐದು ರಾತ್ರಿ. ನಮ್ಮವ್ವಗ ಗಾಳಿ ಬರೋದು ಬಂದಾತು, ಗಿಡದಾಗಿನ ಬಿಳಿ ನೊಣ ಕೂಲರ್ ಗಾಳಿಗಿ ಹಾರಿ ಮನಿ ತುಂಬ ಆದ್ವು, ಆರನೇ ದಿವಸ ಅವ್ವ ಒಂದೇ ಮಾತು ಕೇಳಿದಳು, "ನಾ ಮಾಳಗಿ ಮ್ಯಾಲ ಮಲಗ್ಲೇನಪ್ಪ, ಅವು ಇಲ್ಲಿ ಮಲಗ್ಲಿ?" ಗಿಡ ಮ್ಯಾಲ ಹೋದ್ವು. ಜೂನಿನ್ಯಾಗ ಮಿರಗದ ಮಳಿ ಬಿದ್ದು ತಂಪಾದ ಮ್ಯಾಲ ತಾವೇ ಕಾಯಿ ಹಿಡದ್ವು, ಅಷ್ಟೊತ್ತಿಗಿ ನನ್ನ ಆಫೀಸೂ ಹಳೇ ಟೈಮಿಗಿ ಬಂದಿತ್ತು, ಕೆಂಪಾದದ್ದು ಕೆಂಪಾದಂಗ ಮಂಗ್ಯಾಗಳೇ ಹರಕೊಂಡು ಹೋದ್ವು.

ಕಾಕಿ ಕತಿ ಹೇಳೋದು ಉಳೀತು. ಗಿಡ ಸೊರಗಿದ್ದು ಕೇಳಿ ಆಫೀಸಿನ್ಯಾಗ ಒಬ್ಬ ಹಿರೇರು, "ಶೇಂಗಾ ಹಿಂಡಿ ರಾತ್ರಿ ನೆನಿ ಹಾಕಿ, ಆ ನೀರು ಹಾಕ್ರಿ, ತಾಕತ್ ಬರ್ತದ" ಅಂದ್ರು. ನಾ ಎಣ್ಣಿ ಗಾಣದಿಂದ ಎರಡು ಕಿಲೋ ಹಿಂಡಿ ತಂದು ಮೆಟ್ಟಲ ಕೆಳಗ ಇಟ್ಟಿದ್ದೆ. ಅವತ್ತು ನಾ ಸಂಜಿಕ್ಕ ಊರಿಗಿ ಹೋಗೋದಿತ್ತು, ಮಗಗ ಫೋನ್ ಮಾಡಿ "ಶೇಂಗಾ ಹಿಂಡಿ ಒಂದ್ ಬಕೀಟಿನ್ಯಾಗ ನೆನಿ ಹಾಕು, ಮುಂಜಾನಿ ಗಿಡಕ್ಕ ಹಾಕು" ಅಂದೆ. ಹುಡುಗನ ತಪ್ಪೇನಿಲ್ರಿ. ಎಮ್ಮಿಗಿ ಹಾಕೋದೂ ಹಿಂಡಿ, ಶೇಂಗಾ ಹುರದು ಖಾರ ಬಳ್ಳೊಳ್ಳಿ ಹಾಕಿ ಕುಟ್ಟಿ ರೊಟ್ಟಿ ಜೋಡಿ ನಾವು ತಿನ್ನೋದೂ ಹಿಂಡಿ, ಅಂವ ಎಮ್ಮಿ ಮುಖ ನೋಡಿದಾಂವೇ ಅಲ್ಲ. ನಮ್ಮಾಕಿ ಹಿಂದಿನ ದಿವಸ ಕುಟ್ಟಿ ಡಬ್ಬಿ ತುಂಬಿದ್ದಳು. ಅಷ್ಟೂ ಬಕೀಟಿಗಿ.

ಮುಂಜಾನಿ ಆರೂ ಕುಂಡಕ್ಕ ಒಂದೊಂದ್ ತಂಬಿಗಿ ಹಾಕ್ಯಾನ. ಎರಿ ಮಣ್ಣು ಒಂದ್ ಹನಿನೂ ಕುಡೀಲಿಲ್ಲ. ಸಂದಿ, ತೂತು, ಪರಸಿ, ಪೈಪು. ಆ ಪೈಪಿನ ಬಾಯಿ ಬಾಜು ಮನಿ ಕಾಕಿ ಅಂಗಳದ ಕಡಿ ಅದ, ಬ್ಯಾಸಗ್ಯಾಗ ಅದರಾಗ ನೀರೇ ಬರಂಗಿಲ್ಲಂತ ಕಾಕಿ ಅದರ ಕೆಳಗೇ ಹೊರಸು ಹಾಕಿ, ಬಿಳಿ ಪಂಜಾ ಹಾಸಿ, ಕುರಡಗಿ ಒಣ ಹಾಕಿದ್ದಳು. ಮೂರು ದಿವಸ ಗೋದಿ ನೆನಿ ಹಾಕಿ, ರುಬ್ಬಿ, ಹಾಲು ತಗದು, ಕುದಿಸಿ, ನಸಕನ್ಯಾಗ ಎದ್ದು ಒತ್ತಿದ ಕುರಡಗಿ, ಮಲ್ಲಿಗಿ ಹಂಗ ಬೆಳ್ಳಗ. ಅದರ ಮ್ಯಾಲ ಬಳ್ಳೊಳ್ಳಿ ವಾಸನಿದು ಕೆಂಪ ನೀರು.

ನಾ ಮರುದಿವಸ ಊರಿಂದ ಬಂದಾಗ ಕಾಕಿ ಬಾಗಲದಾಗೇ ನಿಂತಿದ್ದಳು. "ಯಪ್ಪಾ, ನಿಮ್ಮ ಮಾಳಗಿ ಮ್ಯಾಲ ಅಡಗಿ ಮಾಡ್ತೀರೇನು?" ನಾ ಕೈ ಮುಗದು ಗೋದಿ ರೊಕ್ಕ ಕೊಡ್ತೀನಿ ಕಾಕಿ ಅಂದೆ, ಕೈ ಅಡ್ಡಾಡಿಸಿದಳು, ಒಂದು ವಾರ ಮಾತು ಬಂದ್.

ಎಂಟನೇ ದಿವಸ ಕಾಕಿ ಮೊಮ್ಮಗ ಪ್ಲೇಟ್ ತುಂಬ ಕರದ ಕುರಡಗಿ ತಂದ, ಅರ್ಧ ಬೆಳ್ಳಗ, ಅರ್ಧ ಕೆಂಪ ಚುಕ್ಕಿ. ನಮ್ಮವ್ವ ಬೆಳ್ಳಂದು ಸರಸಿ ಕೆಂಪದೇ ಆರಿಸಿ ತಿನ್ನಲಕತ್ತಳು. ಹುಡುಗ ಹೊಸ್ತಿಲದಾಗೇ ನಿಂತಿದ್ದ, ಏನಪ್ಪಾ ಅಂದ್ರ, "ನಾಳಿ ಮತ್ತ ಕುರಡಗಿ ಹಾಕ್ತೀವಿ, ಎಷ್ಟೊತ್ತಿಗಿ ನೀರು ಬಿಡ್ತೀರಿ ಕೇಳ್ಕೊಂಡು ಬಾ ಅಂದಾಳ ಆಯಿ" ಅಂದ.