ಧಾರವಾಡದ ಗ್ಯಾಲರಿಗೆ ಕ್ಯುರೇಟರ್ ಬೇಕೇ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಚಿತ್ರ ಪ್ರದರ್ಶನ ಎಂದರೆ ಸಾಮಾನ್ಯವಾಗಿ ಕಲಾವಿದರೇ ಹಾಲ್ ಬಾಡಿಗೆ ಹಿಡಿದು ತಮ್ಮ ಕೆಲಸ ತೂಗುಹಾಕುವುದು. ಯಾವ ಚಿತ್ರ ಇರಲಿ, ಯಾವುದು ಬೇಡ ಎಂದು ಹೇಳುವವರು ಯಾರೂ ಇಲ್ಲ. ಇದನ್ನು ಬದಲಿಸಿ, ಒಬ್ಬ ಕ್ಯುರೇಟರ್ (ಚಿತ್ರಗಳನ್ನು ಆರಿಸಿ ಪ್ರದರ್ಶನ ರೂಪಿಸುವವರು) ಇಟ್ಟು, ವರ್ಷದ ಪ್ರದರ್ಶನಗಳನ್ನು ಅವರ ಕೈಗೆ ಕೊಡಬೇಕೇ? ಪರ, ವಿರೋಧ ಎರಡನ್ನೂ ನಾನೇ ಬರೆದಿದ್ದೇನೆ. ಮನಸ್ಸು ಎತ್ತ ವಾಲಿದೆ ಎಂಬುದು ಓದುವಾಗ ಗೊತ್ತಾದೀತು.

ಪರ: ಆರಿಸುವವರು ಬೇಕು

ಇಲ್ಲಿನ ಪ್ರದರ್ಶನ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ದೀಪ, ಶಾಲು, ಹಾರ, ಸಾಲು ಸಾಲು ಭಾಷಣ. ಅತಿಥಿಗಳು ಗೋಡೆಗುಂಟ ಒಂದು ಸುತ್ತು ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹಾಲ್‌ನಲ್ಲಿ ಉಳಿಯುವುದು ಕಲಾವಿದ, ಮನೆ ಮಂದಿ, ಮತ್ತೊಂದು ಅಭಿಪ್ರಾಯದ ವಹಿ. ಮೂರ್ನಾಲ್ಕು ದಿನಕ್ಕೆ ಚಿತ್ರಗಳು ಹಳೇ ಬೆಡ್‌ಶೀಟ್ ಸುತ್ತಿಕೊಂಡು ಟೆಂಪೋ ಹತ್ತುತ್ತವೆ. ಕ್ಯಾಟಲಾಗ್ ಇಲ್ಲ, ಆ ಚಿತ್ರಗಳ ಬಗ್ಗೆ ಒಂದು ಪುಟ ಬರಹವೂ ಇಲ್ಲ. ಮುಂದಿನ ವರ್ಷ ಅದೇ ಹಾಲ್‌ನಲ್ಲಿ ಅದೇ ಕಥೆ.

ಕಲಾವಿದರಿಗಂತೂ ಬರವಿಲ್ಲ. ಡಿ.ವಿ. ಹಾಲಭಾವಿ ಅವರು 1935ರಲ್ಲೇ ಧಾರವಾಡದಲ್ಲಿ ಚಿತ್ರಕಲಾ ಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿ ಅವರು ವಿಜಯ ಕಲಾ ಮಂದಿರ ಕಟ್ಟಿದರು. ಇಂಥ ಶಾಲೆಗಳಲ್ಲಿ ಕಲಿತವರು ಡ್ರಾಯಿಂಗ್ ಮಾಸ್ತರಾಗಿ ಊರೂರಿಗೆ ಹೋದರು. ಈ ಎರಡು ಶಾಲೆಗಳ ಕೆಲಸವನ್ನು ಅಕ್ಕಪಕ್ಕ ಇಟ್ಟು, ಯಾರಿಂದ ಯಾರು ಏನು ಕಲಿತರು, ಎಲ್ಲಿ ಬೇರೆ ದಾರಿ ಹಿಡಿದರು ಎಂದು ತೋರಿಸಿದರೆ ಹೇಗಿದ್ದೀತು! ಅದಕ್ಕೆ ಯಾರದೋ ಮನೆಯ ಅಟ್ಟದಲ್ಲಿರುವ ಕ್ಯಾನ್ವಾಸ್ ಹುಡುಕಬೇಕು. ಮನೆಯವರನ್ನು ಒಪ್ಪಿಸಬೇಕು. ಎಲ್ಲಿ ಬಿರುಕಿದೆ, ಎಲ್ಲಿ ಬಣ್ಣ ಉದುರಿದೆ ಎಂದು ಫೋಟೊ ಸಮೇತ ಬರೆದು ಸಹಿ ಮಾಡಿಸಿಕೊಳ್ಳಬೇಕು. ವಿಮೆ ಮಾಡಿಸಬೇಕು, ಇದ್ದ ಹಾಗೇ ವಾಪಸ್ ಮುಟ್ಟಿಸಬೇಕು. ನಾಲ್ಕು ದಿನಕ್ಕೆ ಹಾಲ್ ಹಿಡಿದವರಿಂದ ಇದೆಲ್ಲ ಆಗುವುದಿಲ್ಲ.

ತೂಗುಹಾಕುವುದೂ ಒಂದು ವಿದ್ಯೆ. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತು ನೋಡುವವರ ಕಣ್ಣಿಗೆ ಸರಿಹೋಗುತ್ತದೆ. ನಮ್ಮಲ್ಲಿ ಮೊಳೆ ಎಲ್ಲಿದೆಯೋ ಅದೇ ಎತ್ತರ. ಕಾಗದದ ಮೇಲಿನ ಜಲವರ್ಣಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಸಾಕು, ತೈಲವರ್ಣಕ್ಕೆ 200ರ ಆಸುಪಾಸು ನಡೆಯುತ್ತದೆ. ಇಲ್ಲಿ ಎಲ್ಲಕ್ಕೂ ಒಂದೇ ಟ್ಯೂಬ್‌ಲೈಟ್ ಸಾಲು. ಇನ್ನು ಧಾರವಾಡದ ಮಳೆಗಾಲ ಬಂತೆಂದರೆ ಫ್ರೇಮಿನ ಒಳಗೇ ಬೂಷ್ಟು ಹಿಡಿಯುತ್ತದೆ.

ದುಡ್ಡಿನ ಮಾತು. ದೊಡ್ಡ ಊರುಗಳ ಗ್ಯಾಲರಿಗಳು ಮಾರಿದ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದ ತನಕ ಕಮಿಷನ್ ಹಿಡಿಯುವುದು ರೂಢಿ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ ಕೊಳ್ಳುವವರನ್ನು ಹುಡುಕುವುದು, ಬೆಲೆ ಹೇಳುವ ಮುಜುಗರ, ಬಿಲ್ಲು, ಪ್ಯಾಕಿಂಗ್ ಎಲ್ಲ ಗ್ಯಾಲರಿ ತಲೆ ಮೇಲೆ. ಮೂಲ ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದನ್ನು ಹೇಳಿ ಮಾರುವವರಾದರೂ ಬೇಡವೇ? ಈಗ ನಡೆಯುತ್ತಿರುವ ವ್ಯಾಪಾರ ಇಷ್ಟೇ: "ನಿಮಗ ತಿಳದಷ್ಟು ಕೊಡ್ರಿ ಸರ್ರ."

ಜನ ಬರುವುದಿಲ್ಲ ಎನ್ನುವವರು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋಗಿ ನೋಡಲಿ. ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್‌ಗೆ ಜನ ಟಿಕೆಟ್ ಕೊಂಡು ಹೋಗುತ್ತಾರೆ. ಅಲ್ಲಿ ಯಾವ ಶಿಲ್ಪದ ಪಕ್ಕ ಯಾವುದು, ಮೊದಲು ಏನು ಕಾಣಬೇಕು ಎಂದು ಒಬ್ಬ ಕಲಾವಿದನ ಕಣ್ಣು ಯೋಚಿಸಿದೆ. ಕ್ಯುರೇಟರ್ ಮಾಡುವುದೂ ಅದನ್ನೇ ಅಲ್ವಾ?

ವಿರೋಧ: ಗೋಡೆಗೆ ಯಜಮಾನರು ಬೇಡ

ಕ್ಯುರೇಟರ್ ಬಂದರೆ ಮೊದಲು ಹೊರಗುಳಿಯುವವರು ಯಾರು ಗೊತ್ತೇ? ಅದೇ ಡ್ರಾಯಿಂಗ್ ಮಾಸ್ತರು. ಕೆಲಸ ಇರುವ ತನಕ ರೋಣದಲ್ಲೋ ಹಾನಗಲ್ಲಿನಲ್ಲೋ ಮಕ್ಕಳ ಕೈ ತಿದ್ದಿ, ರಜೆಯಲ್ಲಿ ಕೆರೆ, ಗುಡಿ, ಸಂತೆ ಬರೆದವರು. ಅವರ ಚಿತ್ರಗಳಲ್ಲಿ 'ಕಾನ್ಸೆಪ್ಟ್' ಇರುವುದಿಲ್ಲ. 'ಸಮಕಾಲೀನ' ಎಂಬ ಜರಡಿ ಹಿಡಿದರೆ ಅವರು ಉಳಿಯುವುದಿಲ್ಲ. ಇವತ್ತು ಅವರು ಬಾಡಿಗೆ ಕಟ್ಟಿ ದಿನಾಂಕ ಬರೆಸಿದರೆ ಮುಗಿಯಿತು. ಯಾರ ಮುಲಾಜೂ ಇಲ್ಲ. ಮಧ್ಯಾಹ್ನ ಹಾಲ್ ಖಾಲಿ ಇದ್ದರೆ ಇರಲಿ ಬಿಡಿ, ಆ ಗೋಡೆ ಅವರದಾಗಿತ್ತು.

ಬೆಂಗಳೂರಿನಲ್ಲಿ ಇದೇ ಜಗಳ ನಡೆದಿದೆ. ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಸರ್ಕಾರ 2015ರಲ್ಲಿ ಮುಂದಾದಾಗ ಕಲಾವಿದರು ಬೀದಿಗಿಳಿದರು. ಕಡಿಮೆ ಬಾಡಿಗೆಗೆ ಸಿಗುವ ಸಾರ್ವಜನಿಕ ಗೋಡೆ ಕೈತಪ್ಪಿದರೆ ಹೊಸಬರು ಎಲ್ಲಿಗೆ ಹೋಗಬೇಕು ಎಂಬ ಆತಂಕ ಅವರದು. ಹತ್ತಾರು ಗ್ಯಾಲರಿ ಇರುವ ಊರಿನವರಿಗೇ ಆ ಭಯ ಇತ್ತು. ನಮಗೆಷ್ಟು ಗೋಡೆಗಳಿವೆ?

ನಮ್ಮದು ಚಿಕ್ಕ ಊರು ಎಂಬುದನ್ನೂ ಮರೆಯಬಾರದು. ಇಲ್ಲಿ ಚಿತ್ರ ಬರೆಯುವವರು, ಆರಿಸುವವರು, ಪತ್ರಿಕೆಗೆ ವರದಿ ಕಳಿಸುವವರು ಒಂದೇ ಚಹಾದಂಗಡಿಯಲ್ಲಿ ಕೂತಿರುತ್ತಾರೆ. ಯಾರು ಯಾರ ಶಿಷ್ಯರು ಎಂಬುದು ಬಾಯಿಪಾಠ. ಒಬ್ಬರ ಚಿತ್ರ ಬೇಡ ಎಂದರೆ ಅದು ಚಿತ್ರದ ಮೇಲಿನ ತೀರ್ಪಾಗಿ ಉಳಿಯುವುದಿಲ್ಲ. ಅವರ ಗುರುಗಳ ತನಕ ಹೋಗುತ್ತದೆ.

ಸಂಬಳ ಯಾರು ಕೊಡುತ್ತಾರೆ ಎಂಬ ಮಾತನ್ನು ಪರ ವಹಿಸಿದವರು ಎತ್ತಲೇ ಇಲ್ಲ. ಸರ್ಕಾರ ಕೊಟ್ಟರೆ ಹುದ್ದೆ ಖಾಲಿ ಬಿದ್ದಿರುತ್ತದೆ, ಇಲ್ಲವೇ ಬೇರೆ ಇಲಾಖೆಯವರಿಗೆ 'ಹೆಚ್ಚುವರಿ ಪ್ರಭಾರ' ಆಗುತ್ತದೆ. ಉದ್ಯಮಿ ಕೊಟ್ಟರೆ ಹೋಟೆಲ್ ಲಾಬಿಗೆ ಒಪ್ಪುವ ಚಿತ್ರಗಳಷ್ಟೇ ಗೋಡೆ ಏರುತ್ತವೆ.

ಮೊಳೆ ಎಷ್ಟು ಎತ್ತರ, ಬೆಳಕು ಎಷ್ಟು ಎಂಬುದಕ್ಕೆ ಕ್ಯುರೇಟರ್ ಬೇಕಿಲ್ಲ. ಹಾಲ್‌ನ ಸಿಬ್ಬಂದಿಗೆ ಕಲಿಸಿದರೆ ಸಾಕು. ಗೊಟಗೋಡಿಯ ಮಾತಿಗೂ ನನ್ನ ತಕರಾರಿದೆ. ಜನ ಅಲ್ಲಿಗೆ ಹೋಗುವುದು ತಮ್ಮ ಹಳ್ಳಿಯ ಬದುಕನ್ನೇ ಆಳೆತ್ತರದ ಶಿಲ್ಪಗಳಲ್ಲಿ ನೋಡಲಿಕ್ಕೆ. ಅದನ್ನು ಕಟ್ಟಿದ್ದೂ ಕಲಾವಿದರೇ. ಎರಡು ವರ್ಷಕ್ಕೊಮ್ಮೆ ಎಂದು ಶುರುವಾದ ಕಲಾ ಪ್ರದರ್ಶನ, ಕೊಚ್ಚಿಯ ಬಿನಾಲೆಯನ್ನೇ ನೋಡಿ. ಅದರ ಕ್ಯುರೇಟರ್‌ಗಳು ಯಾರು? 2012ರಲ್ಲಿ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು, 2014ರಲ್ಲಿ ಜಿತೀಶ್ ಕಲ್ಲಾಟ್, 2016ರಲ್ಲಿ ಸುದರ್ಶನ್ ಶೆಟ್ಟಿ. ಎಲ್ಲರೂ ಕಲಾವಿದರು, ಪ್ರತಿ ಸಲ ಬೇರೆಯವರು. ಖಾಯಂ ಕುರ್ಚಿ ಯಾರಿಗೂ ಇಲ್ಲ.

ಹಾಲಭಾವಿ, ಅಕ್ಕಿ ಅವರ ಶಾಲೆಗಳನ್ನು ಅಕ್ಕಪಕ್ಕ ತೋರಿಸುವ ಪ್ರದರ್ಶನ ಮಾತ್ರ ಆಗಲೇಬೇಕು. ಅದಕ್ಕೆ ತಿಳಿದವರನ್ನು ಕರೆಸಿ, ಹುಡುಕಾಟಕ್ಕೆ ಒಂದು ವರ್ಷ ಕೊಡಿ, ಸಂಭಾವನೆಯನ್ನೂ ಸರಿಯಾಗಿ ಕೊಡಿ. ಪ್ರದರ್ಶನಕ್ಕೆ ಒಂದು ತಿಂಗಳು ಹಾಲ್ ಬಿಟ್ಟುಕೊಡಿ. ಉಳಿದ ಹನ್ನೊಂದು ತಿಂಗಳು ಮೊದಲು ಬಂದವರಿಗೆ ಮೊದಲ ದಿನಾಂಕ.